ಪಾದ್ರಿ ಸಾಹೇಬರ ಟ್ರಂಕು

ನಮ್ಮವ್ವ ಬೀಸುವ ಕಲ್ಲಿಗೆ ಜೋಳ ಹಾಕುವ ಮೊದಲು ಮೊರದಿಂದ ಒಂದು ಹಿಡಿ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದಳು. ದಿನಕ್ಕೊಂದು ಹಿಡಿ. ಜೋಳದ ಚೀಲ ತಳ ಕಂಡ ದಿನ ಹಿಡಿ ಸಣ್ಣದಾಗುತ್ತಿತ್ತು, ತಪ್ಪುತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ ಅಲ್ಲಿಂದಲೇ ಕೂಗುತ್ತಿದ್ದ: "ದೇವ್ರಿಗೆ ತುಂಬು, ನಮಗ ಗಾಳಿ ಕುಡಿಸು." ಅವ್ವ ಉತ್ತರ ಕೊಡುತ್ತಿರಲಿಲ್ಲ. ಬೀಸುವ ಕಲ್ಲಿನ ಸದ್ದು ಶುರುವಾದರೆ ಅದೇ ಅವಳ ಉತ್ತರ.

ತಿಂಗಳ ಮೊದಲ ಭಾನುವಾರ ಕೇರಿಯ 22 ಮನೆಗಳ ಗಡಿಗೆಗಳೂ ಪ್ರಾರ್ಥನೆಯ ಮನೆಗೆ ಹೋಗುತ್ತಿದ್ದವು. ಅಲ್ಲಿ ಒಂದು ನೀಲಿ ತಗಡಿನ ಟ್ರಂಕು. ಅದರೊಳಗೆ ಸಭೆಯ ರಿಜಿಸ್ಟರು, ಪ್ರಭು ಭೋಜನದ ಲೋಟ, ಒಂದು ಕಟ್ಟಿಗೆಯ ಸೇರು. ಪಾದ್ರಿ ಸಾಹೇಬರು ಸೇರಿನಿಂದ ಅಳೆದಳೆದು ಜೋಳವನ್ನು ಗೋಣಿಚೀಲಕ್ಕೆ ಸುರಿಯುವಾಗ ನಾವು ಹುಡುಗರು ಸುತ್ತ ನಿಂತು ಎಣಿಸುತ್ತಿದ್ದೆವು. ಯಾರ ಗಡಿಗೆಯಿಂದ ಎಷ್ಟು ಬಂತು ಎಂದು ಮಾತ್ರ ಅವರು ಬರೆಯುತ್ತಿರಲಿಲ್ಲ. ಒಟ್ಟು ಎಷ್ಟಾಯಿತು, ಅಷ್ಟೇ.

ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭೆಗೂ ಗುಳೇದಗುಡ್ಡಕ್ಕೂ ನಡುವೆ ನಮ್ಮೂರು. ಆಗ ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಗುಳೇದಗುಡ್ಡದ ಖಣ ಎಂದರೆ ಈಗಲೂ ಹೆಣ್ಣುಮಕ್ಕಳು ತಿರುಗಿ ನೋಡುತ್ತಾರೆ. ಆ ಖಣ ನೇಯುವ ಕೂಲಿ ಮಗ್ಗಗಳು ನಮ್ಮ ಕೇರಿಯ ಅರ್ಧ ಮನೆಗಳಲ್ಲಿದ್ದವು. ಉಳಿದರ್ಧ ಮನೆಯವರದು ಹೊಲದ ಕೂಲಿ. ನೂಲು ಸಾವ್ಕಾರನದು, ಖಣವೂ ಸಾವ್ಕಾರನದು. ಬೆನ್ನುನೋವು ಮಾತ್ರ ನಮ್ಮದು.

ನಮ್ಮ ಕೇರಿಗೆ ಕ್ರಿಸ್ತನ ಹೆಸರು ಹೇಗೆ ಬಂತೆಂದು ಕೇಳಿದರೆ ಅಜ್ಜ ಹೇಳುತ್ತಿದ್ದುದು ಬರಗಾಲದ ಕಥೆ. 1876ರಿಂದ 78ರವರೆಗಿನ ಧಾತು ಈಶ್ವರ ಬರ. ನಮ್ಮ ಸೀಮೆಗೆ ಆಗ ಕಲಾದಗಿ ಜಿಲ್ಲೆ ಎಂದು ಹೆಸರು. ಆ ಬರದಲ್ಲಿ ಹೆಚ್ಚು ಜನ ಸತ್ತ ಜಿಲ್ಲೆಗಳಲ್ಲಿ ಅದೂ ಒಂದು. ಅಜ್ಜನ ಅಪ್ಪ ದಾರಿಯ ಬದಿಯಲ್ಲಿ ಸಿಕ್ಕ ಕೂಸು. ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ನಿನವರು 1851ರಿಂದಲೇ ಇದ್ದರು. ಅವರು ಎತ್ತಿಕೊಂಡು ಹೋಗಿ ಸಾಕಿದರು. ಹಳೆಯ ರಿಜಿಸ್ಟರಿನಲ್ಲಿ ಆ ಕೂಸಿನ ಹೆಸರಿನ ಮುಂದೆ ತಂದೆಯ ಕಾಲಮಿನಲ್ಲಿ "ಗೊತ್ತಿಲ್ಲ", ತಾಯಿಯ ಕಾಲಮಿನಲ್ಲೂ "ಗೊತ್ತಿಲ್ಲ" ಎಂದಿದೆ. ಮತಾಂತರದ ಬಗ್ಗೆ ಟೀವಿಯಲ್ಲಿ ಜೋರು ಜೋರು ಮಾತಾಡುವವರನ್ನು ಕಂಡಾಗ ನನಗೆ ಆ ಎರಡು "ಗೊತ್ತಿಲ್ಲ" ನೆನಪಾಗುತ್ತವೆ. ಆ ಕೂಸನ್ನು ಯಾವುದರಿಂದ ಯಾವುದಕ್ಕೆ ಬದಲಿಸಿದರು ಅಂತ ಹೇಳೋಣ?

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದಿಟ್ಟು ಅವರ ದೇಶಕ್ಕೆ ಕಳಿಸಿದ ಮೇಲೆ ಸಭೆಗಳ ಭಾರ ಬಿದ್ದದ್ದು ಕನ್ನಡದ ಪಾದ್ರಿಗಳ ಹೆಗಲಿಗೆ. ಮುಂದೆ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಎಂಬ ಹೆಸರು ಬಂತು. ನಮ್ಮ ಹಿರಿಯರ ಬಾಯಲ್ಲಿ ಮಾತ್ರ ಕಡೆಯವರೆಗೂ "ಮಿಶನ್ನು".

ನಾನು ಹೇಳಹೊರಟ ಪಾದ್ರಿ ಸಾಹೇಬರು ಬಂದದ್ದು 1969ರ ಮಳೆಗಾಲಕ್ಕೆ. ಕರಾವಳಿಯವರು, ಮಂಗಳೂರಿನ ಬಲ್ಮಠದಲ್ಲಿ ಓದಿದವರು. ಬಸ್ಸಿನಿಂದ ಇಳಿದಾಗ ಅವರ ಕೈಯಲ್ಲಿ ಕೊಡೆ. ಅದನ್ನು ಕಂಡು ನಮ್ಮೂರ ಜನ ನಕ್ಕರು. ನಮ್ಮ ಕಡೆ ಮಳೆ ಬಂದರೆ ಜನ ಮನೆಯಿಂದ ಹೊರಗೆ ಬಂದು ನಿಲ್ಲುತ್ತಾರೆ, ಮರೆ ಮಾಡಿಕೊಳ್ಳುವುದಿಲ್ಲ. ಆ ಕೊಡೆ ಮುಂದೆ 9 ವರ್ಷ ಬಿಸಿಲಿಗೇ ಬಿಚ್ಚಿಕೊಂಡಿತು.

ಅವರ ಭಾಷೆ ನಮಗೆ ಬೇರೆ ನಗೆ. ಮನೆಯಲ್ಲಿ ತುಳು, ಹೊರಗೆ ಪುಸ್ತಕದ ಕನ್ನಡ, ಅವಸರದಲ್ಲಿ ಮಂಗಳೂರ ಕನ್ನಡ. ಕೇರಿಯ ಒಬ್ಬ ಮುದುಕನಿಗೆ ಅವರು ಮೊದಲ ದಿನವೇ "ಎಂತ ಮಾರಾಯಾ, ಆರೋಗ್ಯ ಉಂಟಾ?" ಎಂದು ಕೇಳಿದರಂತೆ. ಮುದುಕ ಇಡೀ ಊರು ತಿರುಗಿ ಹೇಳಿಬಂದ: "ಹುಟ್ಟಿದಾಗಿಂದ ನನ್ನ ಯಾರೂ ಮಹಾರಾಯ ಅಂದಿದ್ದಿಲ್ಲ. ಈ ಸಾಹೇಬ್ರು ಅಂದ್ರು ನೋಡ್ರಿ!" ಸಭೆಯ ಹಿರಿಯರೊಬ್ಬರಿಗೆ ಕಿಟೆಲ್ ಸಾಹೇಬರ ಮೇಲೆ ಅಭಿಮಾನ. 1894ರಲ್ಲಿ ಬಂದ ಅವರ ನಿಘಂಟು ನಮ್ಮ ಮಿಶನ್ನಿನದು ಎಂಬ ಹೆಮ್ಮೆ. ಆ ಹಿರಿಯರು ಮೀಸೆಯಲ್ಲೇ ನಗುತ್ತ, "ಕಿಟೆಲ್ ಸಾಹೇಬ್ರಿಗೆ 70 ಸಾವಿರ ಶಬ್ದ ಬರ್ತಿದ್ವು, ನಮ್ಮವ್ರಿಗೆ 'ಉಂಟು' ಒಂದ" ಅನ್ನುತ್ತಿದ್ದರು.

ಎರಡು ವರ್ಷದೊಳಗೆ ಸಾಹೇಬರು ರೊಟ್ಟಿ ಬಡಿಯುವುದೊಂದನ್ನು ಬಿಟ್ಟು ಎಲ್ಲ ಕಲಿತರು. ಪುಂಡಿಪಲ್ಯ, ಖಾರಬ್ಯಾಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ತಂಗಳ ರೊಟ್ಟಿ ಎಲ್ಲವೂ ಇಳಿಯಿತು. "ಉಂಟು" ಮಾತ್ರ ಕಡೆಗೂ ಹೋಗಲಿಲ್ಲ. ಸಾಹೇಬರ ಹೆಂಡತಿ ಅಮ್ಮಾವ್ರು ಊರಿಂದ ಕುಚ್ಚಲಕ್ಕಿಯ ಗಂಟು ತರಿಸಿಕೊಳ್ಳುತ್ತಿದ್ದರು. ಗಂಜಿ ಬಸಿದ ದಿನ ಅದರ ವಾಸನೆಗೆ ನಾವು ಅವರ ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಿದ್ದೆವು.

ಮತ್ತೆ ಜೋಳದ ಮಾತಿಗೆ ಬರುತ್ತೇನೆ. ಸಭೆಗೆ ಬಂದ ಹಿಡಿ ಜೋಳವನ್ನು ಮಾರಿ ಆ ದುಡ್ಡನ್ನು ಲೆಕ್ಕಕ್ಕೆ ಹಚ್ಚಬೇಕು ಎನ್ನುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಇವರು ಅರ್ಧ ಮಾರುತ್ತಿದ್ದರು. ಉಳಿದರ್ಧ ಎಲ್ಲಿ ಹೋಗುತ್ತದೆಂದು ಹಿರಿಯರಿಗೆ ಗೊತ್ತಿತ್ತು, ಕೇಳುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೈಕಲ್ಲಿನ ಕ್ಯಾರಿಯರಿಗೆ ಒಂದು ಕೈಚೀಲ ಸಿಕ್ಕಿಸಿಕೊಂಡು ಹೊರಟರೆಂದರೆ ಯಾರದೋ ಮನೆಯ ಒಲೆ ಎರಡು ದಿನದಿಂದ ಹತ್ತಿಲ್ಲ ಎಂದು ಅರ್ಥ. ಬಾಗಿಲಲ್ಲಿ ನಿಂತು ಅವರು ಹೇಳುತ್ತಿದ್ದುದು ಯಾವಾಗಲೂ ಒಂದೇ ಮಾತು: "ಸಭೆಯ ಜೋಳಕ್ಕೆ ಹುಳ ಬೀಳ್ತಾ ಉಂಟು. ಸ್ವಲ್ಪ ಖಾಲಿ ಮಾಡಿಕೊಟ್ಟರೆ ಉಪಕಾರ." ಕೊಡಲು ಬಂದವರು ಅವರು, ಉಪಕಾರ ಮಾಡುವವರು ನಾವು.

ನಮ್ಮ ಮನೆಗೂ ಒಮ್ಮೆ ಆ ಕೈಚೀಲ ಬಂತು. ಅಪ್ಪ ಕಾಮಾಲೆಯಾಗಿ ಮಲಗಿದ್ದ. ಮಗ್ಗ ನಿಂತು ಮೂರು ವಾರವಾಗಿತ್ತು. ಅವ್ವ ಚೀಲ ಬಿಚ್ಚಿ ಮೊರಕ್ಕೆ ಸುರಿದು ಹಸನು ಮಾಡುತ್ತ ಕೂತವಳು ಒಂದು ಹಿಡಿ ಎತ್ತಿ ದೀಪದ ಹತ್ತಿರ ಹಿಡಿದು ನೋಡಿದಳು. ಬಿಳಿ ಜೋಳದ ನಡುವೆ ಅಲ್ಲಲ್ಲಿ ಕೆಂಪು ಕಾಳು. ನಾವು ಆ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ತಂದಿದ್ದ ಬೆರಕೆ ಜೋಳ ಅದು. "ಏ, ಇದು ನಮ್ಮದ ಜ್ವಾಳ ಐತಿ!" ಎಂದು ಅವ್ವ ನಕ್ಕಳು. ನಕ್ಕು ಮುಗಿಯುವ ಮೊದಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರುದಿನ ಬೀಸುವಾಗ ಆ ಜೋಳದಿಂದಲೂ ಒಂದು ಹಿಡಿ ಗಡಿಗೆಗೆ ಹೋಯಿತು. ಮಲಗಿದಲ್ಲಿಂದ ಅಪ್ಪ ಏನೂ ಅನ್ನಲಿಲ್ಲ.

ಸಾಹೇಬರ ಪಾಲಿಗೆ ಏಳು ಊರು. ಸೋಮವಾರ ಬಿಟ್ಟು ದಿನಾ ಒಂದು ಊರಿಗೆ ಸೈಕಲ್ಲು. ಉಳಿದ ಊರುಗಳಲ್ಲಿ ಏನು ಮಾಡುತ್ತಿದ್ದರೋ ಕಾಣೆ, ನಮ್ಮ ಕೇರಿಯಲ್ಲಿ ಅವರ ಕೆಲಸವೆಂದರೆ ಹೆಚ್ಚಾಗಿ ಕೂರುವುದು. ನೇಕಾರರ ಮನೆಗೆ ಬಂದರೆ ಮಗ್ಗದ ಕುಣಿಯ ಅಂಚಿನಲ್ಲೇ ಕೂರುತ್ತಿದ್ದರು. ಅಪ್ಪ ಎದ್ದು ನಿಲ್ಲಲು ಹೋದರೆ ಕೈಸನ್ನೆ ಮಾಡಿ, "ಲಾಳಿ ನಿಲ್ಲಿಸಬೇಡಿ" ಎನ್ನುತ್ತಿದ್ದರು. ಮಗ್ಗ ನಿಂತ ಹೊತ್ತಿಗೆ ಕೂಲಿ ಇಲ್ಲ ಎಂಬುದು ಅವರಿಗೆ ಬೇಗ ತಿಳಿದಿತ್ತು. ಪ್ರಾರ್ಥನೆಯೂ ಹಾಗೆಯೇ. ಅವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು, ಅಪ್ಪ ಕಣ್ಣು ಬಿಟ್ಟು ನೇಯುತ್ತಿದ್ದ, ಅವ್ವ ಕಂಡಿಕೆ ಸುತ್ತುತ್ತಿದ್ದಳು. ಖಟಕ್ ಖಟಕ್ ನಡುವೆ ಎಲ್ಲಿ "ಆಮೆನ್" ಬೀಳಬೇಕೋ ಅಲ್ಲಿ ಮೂವರದೂ ಒಟ್ಟಿಗೆ ಬೀಳುತ್ತಿತ್ತು. ಬೇರೆ ಕಡೆ ಪ್ರಾರ್ಥನೆಗೆ ಕೂತರೆ ಸದ್ದೇ ಇರುವುದಿಲ್ಲ. ನನಗೆ ಇವತ್ತಿಗೂ ಅದು ಅರ್ಧ ಪ್ರಾರ್ಥನೆ ಅನ್ನಿಸುತ್ತದೆ.

ಓದು ಬಾರದ ಮನೆಗಳಿಗೆ ಅವರೇ ಕಣ್ಣು. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದರೆ ಗುಳೇ. ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ಮೀಟರ್ ಗೇಜಿನ ಗಾಡಿ ಹತ್ತಿದರೆ ಹುಬ್ಬಳ್ಳಿ, ಅಲ್ಲಿಂದ ಲೋಂಡಾ, ಅಲ್ಲಿಂದ ಗೋವಾ. ಪೋರ್ಚುಗೀಸರು ಹೋದ ಮೇಲೆ ವಾಸ್ಕೊದ ಕಡೆ ಮಣ್ಣು ಹೊರುವ, ಕಟ್ಟಡ ಕಟ್ಟುವ ಕೆಲಸ ಬೇಕಾದಷ್ಟಿತ್ತು. ನಮ್ಮಣ್ಣನೂ ಹಾಗೆ ಹೋದವನು. ಎರಡು ತಿಂಗಳಿಗೊಮ್ಮೆ ಮನಿಯಾರ್ಡರು ಬರುತ್ತಿತ್ತು. ಫಾರ್ಮಿನ ಕೆಳತುದಿಯಲ್ಲಿ ಎರಡು ಸಾಲು ಬರೆಯಲು ಜಾಗವಿರುವ ಚೀಟಿ. ಹರಿದು ಕೈಗೆ ಕೊಡುತ್ತಿದ್ದರಲ್ಲ, ಅದು. ಅವ್ವ ದುಡ್ಡನ್ನು ಅಪ್ಪನ ಕೈಗೆ ಕೊಟ್ಟು ಚೀಟಿಯನ್ನು ಮಾತ್ರ ಸೆರಗಿಗೆ ಗಂಟು ಹಾಕಿ ಸಾಹೇಬರು ಬರುವ ದಿನಕ್ಕೆ ಕಾಯುತ್ತಿದ್ದಳು.

ಸಾಹೇಬರು ಕನ್ನಡಕ ಏರಿಸಿ ಓದುತ್ತಿದ್ದರು: "ಅವ್ವನಿಗೆ ನಮಸ್ಕಾರ. ನಾನು ಆರಾಮ. ನಿನ್ನ ಮಂಡಿನೋವು ಹೇಗಿದೆ? ಚಳಿಯಲ್ಲಿ ಹೊರಗೆ ಮಲಗಬೇಡ. ತಮ್ಮನನ್ನು ಸಾಲೆ ಬಿಡಿಸಬೇಡ." ಅವ್ವ ಎರಡು ಸಲ ಓದಿಸುತ್ತಿದ್ದಳು. ಒಮ್ಮೆ ನಾನು ಅವರ ಹೆಗಲ ಮೇಲಿಂದ ಇಣುಕಿದೆ. ಆಗ ನಾಲ್ಕನೆಯ ಇಯತ್ತೆ, ಕೂಡಿಸಿ ಓದಲು ಬರುತ್ತಿತ್ತು. ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: "ರೂ. 30 ಕಳಿಸಿದೆ ಮುಟ್ಟಿದ್ದಕ್ಕೆ ಬರೆಸು." ಮಂಡಿನೋವಿಲ್ಲ, ಚಳಿಯಿಲ್ಲ, ತಮ್ಮನಂತೂ ಇಲ್ಲವೇ ಇಲ್ಲ. ನಾನು ಬಾಯಿ ತೆರೆದೆ. ಸಾಹೇಬರು ಚೀಟಿ ಮಡಚುತ್ತ ನನ್ನ ಕಡೆ ನೋಡಿದರು. ಗದರಿಸುವ ನೋಟವಲ್ಲ. ಕದ್ದದ್ದು ಸಿಕ್ಕಿಬಿದ್ದ ಹುಡುಗನ ನೋಟ. ನಾನು ಬಾಯಿ ಮುಚ್ಚಿಕೊಂಡೆ.

ಬೈಬಲ್ಲಿನಲ್ಲಿ ಒಂದು ಅಕ್ಷರ ತಪ್ಪು ಓದಿದರೆ ನಮ್ಮ ಕಿವಿ ಹಿಂಡುತ್ತಿದ್ದ ಮನುಷ್ಯ ಇವರು. ಮುಂದೆ ಅವರು ಉತ್ತರ ಬರೆಯುವುದನ್ನೂ ನೋಡಿದೆ. ಅವ್ವ ಹೇಳಿದ್ದು ಅಷ್ಟೂ ಬರೆದು ಕೊನೆಗೆ ತಮ್ಮದೊಂದು ಸಾಲು: "ತಾಯಿ ನಿನ್ನ ಕ್ಷೇಮದ ಮಾತು ಕೇಳಲು ಕಾದಿರುತ್ತಾರೆ, ಎರಡು ಅಕ್ಷರ ಹೆಚ್ಚು ಬರೆ." ಎಷ್ಟು ಸಲ ಬರೆದರೋ. ಮೂರನೆಯ ವರ್ಷ ಅಣ್ಣನ ಚೀಟಿಯಲ್ಲಿ ನಿಜವಾಗಿಯೂ ಇತ್ತು: "ಅವ್ವ ಮಂಡಿ ಹ್ಯಾಂಗದ." ಆ ದಿನ ಸಾಹೇಬರು ಅದನ್ನು ಓದಲಿಲ್ಲ. ನನ್ನ ಕೈಗೆ ಕೊಟ್ಟು, "ನೀನೇ ಓದು ಮಾರಾಯ" ಎಂದರು. ಅದಾದ ಮೇಲೆ ಕೇರಿಯ ಕಾಗದ ಓದುವ ಕೆಲಸ ನನಗೆ ಬಿತ್ತು. ಮುಂದೆ ನಾನು 34 ವರ್ಷ ಅಂಚೆ ಇಲಾಖೆಯಲ್ಲಿ ಕಾಗದಗಳ ನಡುವೆಯೇ ಕಳೆದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಅಣ್ಣ ಹೇಳುತ್ತಾನೆ. ಇರಬಹುದು.

1971ರಿಂದ ಎರಡು ವರ್ಷ ಮಳೆ ಕೈಕೊಟ್ಟಿತು. 72ರ ಬರವೆಂದರೆ ನಮ್ಮ ವಯಸ್ಸಿನವರಿಗೆ ಖಡಿ ಒಡೆಯುವ ಸದ್ದು. ಸರ್ಕಾರದ ಬರಗಾಲ ಕಾಮಗಾರಿಯಲ್ಲಿ ಊರಿಗೂರೇ ರಸ್ತೆಯ ಬದಿಗೆ ಕೂತು ಕಲ್ಲು ಒಡೆಯಿತು. ಖಣ ಕೊಳ್ಳುವವರಿಲ್ಲದೆ ಮಗ್ಗಗಳು ನಿಂತವು. ಆಗ ಎಲ್ಲಿಂದಲೋ ಹಾಲಿನ ಪುಡಿಯ ಡಬ್ಬಿಗಳು, ಗೋಧಿಯ ಚೀಲಗಳು ಸಭೆಯ ಹೆಸರಿಗೆ ಬಂದವು. ಬೆಳಿಗ್ಗೆ ದೊಡ್ಡ ಹಂಡೆಯಲ್ಲಿ ಅಮ್ಮಾವ್ರು ಹಾಲು ಕದಡುತ್ತಿದ್ದರು. ಹಾಲಿಗೆ ಸಾಲು ನಿಂತವರಲ್ಲಿ ಅರ್ಧ ನಮ್ಮ ಕೇರಿಯವರು, ಉಳಿದವರು ಊರಿನ ಬೇರೆ ಬೇರೆ ಓಣಿಯವರು. ಹಿರಿಯರು ಒಂದು ಸಂಜೆ ಸಭೆ ಸೇರಿದರು. "ಇದು ನಮ್ಮ ಹೆಸರಿಗೆ ಬಂದದ್ದು. ಊರಿಗೆಲ್ಲಾ ಹಂಚಿದ್ರ ನಮ್ಮ ಮಕ್ಕಳಿಗೆ ಏನ್ ಉಳೀತು?" ಸಾಹೇಬರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಬಾಲ ನೋಡಿ ಹಾಲು ಕೊಡುವುದು ಎಮ್ಮೆಗೂ ಬರುವುದಿಲ್ಲ." ಇದರ ಅರ್ಥ ಯಾರಿಗೂ ಸರಿಯಾಗಿ ಆಗಲಿಲ್ಲ, ಆದರೂ ವಾದ ಅಲ್ಲಿಗೆ ನಿಂತಿತು.

ಅದರಿಂದ ನಮಗೆ ಒಂದು ಬಿರುದೂ ಬಂತು, "ಹಾಲಿನಪುಡಿ ಕ್ರಿಶ್ಚನ್ನರು". ಸಾಲೆಯಲ್ಲಿ ಹಾಗೆ ಅಣಕಿಸಿದವನೂ ಬೆಳಿಗ್ಗೆ ನನ್ನ ಹಿಂದೆ ಲೋಟ ಹಿಡಿದು ನಿಂತವನೇ. ಸಾಹೇಬರಿಗೆ ದೂರು ಒಯ್ದೆ. "ಅವನ ಲೋಟ ದೊಡ್ಡದುಂಟಾ, ನಿನ್ನದಾ?" ಎಂದು ಕೇಳಿದರು. ಅವನದು ಎಂದೆ. "ಹಾಗಾದರೆ ಅವನಿಗೇ ಹಸಿವು ಜಾಸ್ತಿ." ಅಲ್ಲಿಗೆ ಆ ಮೊಕದ್ದಮೆ ಮುಗಿಯಿತು.

ಹೀಗೆಲ್ಲ ಬರೆದರೆ ಅವರು ಸಂತರಂತೆ ಕಂಡಾರು. ಅಲ್ಲ. ಅವರ ಪ್ರಸಂಗ ಕೇಳುವುದು ಶಿಕ್ಷೆ. ಒಂದು ತಾಸು, ಕೆಲವೊಮ್ಮೆ ಒಂದೂವರೆ. ಹಂಚಿನ ಮಾಡಿನ ಕೆಳಗೆ ಏಪ್ರಿಲ್ಲಿನ ಸೆಕೆಯಲ್ಲಿ ಅವರು ಆಮೋಸನಿಂದ ಹಬಕ್ಕೂಕನಿಗೆ ಹೋಗುವಷ್ಟರಲ್ಲಿ ಅರ್ಧ ಸಭೆ ಗೋಡೆಗೆ ಒರಗಿರುತ್ತಿತ್ತು. ಸಿಟ್ಟು ಬೇರೆ. ಕುಡಿದು ಬಂದವರ ಮೇಲೆ ಕೊಡೆ ಎತ್ತಿದ್ದುಂಟು. ಒಂದು ಭಾನುವಾರ ಸಭೆಯ ವಂತಿಗೆ ಬಾಕಿ ಉಳಿಸಿಕೊಂಡವರ ಹೆಸರುಗಳನ್ನು ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿದರು. ಅಪ್ಪನ ಹೆಸರು ಮೂರನೆಯದು. ಅವ್ವ ಎದ್ದು ಹೊರಗೆ ಹೋದಳು. ಅವಳು ಹಾಗೆ ನಡುವೆ ಎದ್ದು ಹೋದದ್ದನ್ನು ನಾನು ಅದೊಂದೇ ಸಲ ಕಂಡೆ. ಮುಂದಿನ ವಾರ ಗಡಿಗೆಗೆ ಹಿಡಿ ಬೀಳಲಿಲ್ಲ.

ಸಾಹೇಬರು ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತರು. "ಅಮ್ಮಾ, ನಾನು ಮಾಡಿದ್ದು ತಪ್ಪು. ಹೆಸರು ಓದಬಾರದಿತ್ತು." ಅವ್ವ ಒಳಗಿನಿಂದಲೇ, "ನಮ್ಮ ಹೆಸರು ಓದಿದ್ರಿ, ಬೇಶಾತು. ನಿಮ್ಮ ಪುಸ್ತಕದಾಗ ನಮ್ಮ ಮನಿ ಜ್ವಾಳಾ ಎಷ್ಟ್ ಬಂತು ಅಂತ ಬರದೀರೇನು?" ಎಂದು ಕೇಳಿದಳು. ಅವರ ಹತ್ತಿರ ಉತ್ತರವಿರಲಿಲ್ಲ. ಆ ಲೆಕ್ಕ ಬರೆಯದಿರುವುದು ಅವರೇ ಮಾಡಿಕೊಂಡ ನಿಯಮವಲ್ಲವೇ. ಸ್ವಲ್ಪ ಹೊತ್ತು ನಿಂತು ಸೈಕಲ್ಲು ತಿರುಗಿಸಿದರು. ಅವ್ವ ನನ್ನ ಕೈಯಲ್ಲಿ ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಹಿಂದೆ ಓಡಿಸಿದಳು. ಬಿಸಿಲು ಬಹಳ ಇತ್ತು.

ಇನ್ನು ಮೇಜಿನ ಪ್ರಸಂಗ. ಹೊರಗಿನವರಿಗೆ ನಾವೆಲ್ಲ ಒಂದೇ, "ಕಿರಸ್ತಾನರು". ಒಳಗೆ ಹಾಗಿರಲಿಲ್ಲ. ನೇಕಾರಿಕೆಯ ಮನೆತನಗಳಿಂದ ಬಂದವರಿಗೆ ಪ್ರಾರ್ಥನೆಯ ಮನೆಯಲ್ಲಿ ಮುಂದಿನ ಚಾಪೆ, ಹೊಲಗೇರಿಯಿಂದ ಬಂದವರಿಗೆ ಬಾಗಿಲ ಹತ್ತಿರದ ಚಾಪೆ. ಯಾರೂ ಹೇಳಿ ಕೂರಿಸಿದ್ದಲ್ಲ. ಮೂರು ತಲೆಮಾರಿನಿಂದ ಹಾಗೇ ಬಂದದ್ದು. ಪ್ರಭು ಭೋಜನದ ಒಂದೇ ಲೋಟ ಮುಂದಿನಿಂದ ಹಿಂದಕ್ಕೆ ಹೋಗುತ್ತಿತ್ತೇ ಹೊರತು ಹಿಂದಿನಿಂದ ಮುಂದಕ್ಕೆ ಬಂದದ್ದು ಯಾರೂ ನೋಡಿರಲಿಲ್ಲ. ನಮ್ಮದು ಮುಂದಿನ ಚಾಪೆ. ಬರದ ಕೂಸಿನ ಜಾತಿ ಯಾರಿಗೂ ಗೊತ್ತಿಲ್ಲದಿದ್ದರೂ ಮಗ್ಗ ಕಲಿತದ್ದರಿಂದ ಆ ಜಾಗ ಸಿಕ್ಕಿತ್ತು ಅಂತ ಕಾಣುತ್ತದೆ.

ಸಾಹೇಬರು ಇದರ ಬಗ್ಗೆ ಪ್ರಸಂಗ ಮಾಡಲಿಲ್ಲ. ಮಾಡಿದ್ದರೆ ನಾವು ನಿದ್ದೆ ಮಾಡುತ್ತಿದ್ದೆವು. ಒಂದು ಭಾನುವಾರ ರೈಲು ಹಳಿಯ ತುಂಡಿನ ಗಂಟೆ ಹೊಡೆದಾಗ ಬಂದು ನೋಡಿದರೆ ಮೇಜು, ಶಿಲುಬೆ, ಲೋಟ ಎಲ್ಲವೂ ಬಾಗಿಲ ಪಕ್ಕದ ಗೋಡೆಗೆ ಬಂದಿದ್ದವು. ಚಾಪೆಗಳು ಇದ್ದಲ್ಲೇ ಇದ್ದವು. ಜನ ಅಭ್ಯಾಸದಂತೆ ತಮ್ಮ ತಮ್ಮ ಚಾಪೆಯಲ್ಲಿ ಕೂತು ಈ ಕಡೆ ಮುಖ ತಿರುಗಿಸಿದರು. ಹಿಂದಿನವರು ಮುಂದೆ, ಮುಂದಿನವರು ಹಿಂದೆ. ಲೋಟ ಮೊದಲು ಹೋದದ್ದು ಹೊಲದ ಕೂಲಿಗೆ ಹೋಗುವ ಒಬ್ಬ ಮುದುಕಿಯ ತುಟಿಗೆ. ಅವಳ ಕೈ ನಡುಗಿದ್ದು ನನಗೆ ಕಂಡಿತು. ನಮ್ಮ ಕಡೆಗೆ ಬರುವಾಗ ಒಂದು ಮನೆಯವರು ಎದ್ದು ಹೋದರು. ಆರು ತಿಂಗಳು ಅವರು ಸಭೆಯ ಮುಖ ನೋಡಲಿಲ್ಲ. ಸಾಹೇಬರು ಆರು ತಿಂಗಳೂ ವಾರ ತಪ್ಪದೆ ಅವರ ಮಗ್ಗದ ಕುಣಿಯ ಅಂಚಿನಲ್ಲಿ ಹೋಗಿ ಕೂತರು.

ಇದರಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೂರು ತಿಂಗಳಲ್ಲಿ ಜನ ಮೆಲ್ಲಗೆ ಜಾಗ ಬದಲಿಸಿಕೊಂಡರು. ಹಳೆಯ ಮುಂದಿನವರು ಹೊಸ ಮುಂದಕ್ಕೆ ಬಂದರು. ಸಾಹೇಬರು ಮೇಜನ್ನು ಉದ್ದ ಗೋಡೆಯ ನಡುವಿಗೆ ಒಯ್ದರು. ಅಲ್ಲಿ ಮುಂದೆ ಯಾವುದು ಹಿಂದೆ ಯಾವುದು ಎಂದು ತಿಳಿಯದೆ ಸಭೆ ಒಂದೆರಡು ವರ್ಷ ಒದ್ದಾಡಿತು. ಅವರು ವರ್ಗವಾಗಿ ಹೋದ ಮೇಲೆ ಮೇಜು ಮೊದಲಿನ ಜಾಗಕ್ಕೇ ಬಂತು. ಲೋಟ ಮಾತ್ರ ಮತ್ತೆ ಮೊದಲಿನ ದಾರಿ ಹಿಡಿಯಲಿಲ್ಲ. ಅಷ್ಟು ಗೆದ್ದರು.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಸಾಹೇಬರು ಒಂದು ಮರದ ಕೆಳಗೆ ಚಾದರ ಹಾಸಿ ಸಣ್ಣ ಸುವಾರ್ತೆಯ ಪುಸ್ತಕಗಳನ್ನು ಹರಡಿಕೊಂಡು ಕೂರುತ್ತಿದ್ದರು. ಚೀಲ ಹೊರಲು ನಾನೂ, ನನ್ನ ಗೆಳೆಯನೂ. ಪುಸ್ತಕಕ್ಕಿಂತ ನಮಗೆ ನಾಟಕ ಕಂಪನಿಗಳ ಕಡೆ ಗಮನ. ಬನಶಂಕರಿಯಲ್ಲಿ ರಾತ್ರಿಯಿಡೀ ನಾಟಕ. ಬಣ್ಣದ ಬೋರ್ಡು, ಕಾಲುಪೆಟ್ಟಿಗೆಯ ಸದ್ದು. "ಸಾಹೇಬ್ರ, ನೀರು ಕುಡದು ಬರ್ತೀವ್ರಿ" ಎಂದು ಹೋದವರು ನಸುಕಿಗೆ ಬಂದೆವು. ಅವರು ಎದ್ದೇ ಇದ್ದರು. ಬಯ್ಯುತ್ತಾರೆಂದು ನಿಂತರೆ, "ಹಾಸ್ಯಗಾರ ಹೇಗಿದ್ದ?" ಎಂದು ಕೇಳಿದರು. ಗೆಳೆಯ ಅಲ್ಲೇ ಹಾಸ್ಯಗಾರನ ನಡಿಗೆ ನಡೆದು ತೋರಿಸಿದ. ಪಾದ್ರಿ ಸಾಹೇಬರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಆ ವರ್ಷ ಮಾರಾಟವಾದದ್ದು ನಾಲ್ಕು ಪುಸ್ತಕ. ಅದರಲ್ಲಿ ಒಂದನ್ನು ಕೊಂಡದ್ದು ಬಳೆಗಾರ, ಬಳೆ ಸುತ್ತಲು.

ಈ ಗೆಳೆಯ ಬಾಗಿಲ ಬಳಿಯ ಚಾಪೆಯವನು. ಕೇರಿಯಲ್ಲೇ ಜಾಣ. ಏಳನೆಯ ಇಯತ್ತೆ ಮುಗಿದಾಗ ಪಟ್ಟಣದ ಹೈಸ್ಕೂಲು, ಹಾಸ್ಟೆಲು, ಸ್ಕಾಲರ್‌ಶಿಪ್ಪು ಎಂದು ಅವನಪ್ಪ ಓಡಾಡಿದ. ಕಚೇರಿಯೊಂದರಲ್ಲಿ ಕಾಗದ ನೋಡಿದವರು, "ಕ್ರಿಶ್ಚನ್ ಅಂತ ಬರಸೀಯಲ್ಲೋ, ನಿನಗ ಎಲ್ಲೀ ಸವಲತ್ತು?" ಎಂದು ಮುಖಕ್ಕೆ ಎಸೆದರಂತೆ. ಎಸೆದದ್ದು ಅವರ ದುರಹಂಕಾರ. ಹೇಳಿದ್ದು ಕಾನೂನು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರೂ ಮುಸಲ್ಮಾನರೂ ಇನ್ನೂ ಹೊರಗೇ. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಜಾಗ ಸಿಕ್ಕಿದ್ದು ಆಮೇಲಿನ ಮಾತು. ಊರಿನ ಹೋಟೆಲಿನಲ್ಲಿ ಗೆಳೆಯನ ಅಪ್ಪನಿಗೆ ಬೇರೆ ಕಪ್ಪಿನಲ್ಲಿ ಚಹಾ ಕೊಡುವವರು ಮಾತ್ರ ಯಾವ ದೇವರ ಹೆಸರು ಹೇಳುತ್ತೀ ಎಂದು ಕೇಳಿ ಕೊಡುತ್ತಿರಲಿಲ್ಲ.

ಒಂದು ರಾತ್ರಿ ಅವನಪ್ಪ ಸಾಹೇಬರ ಮನೆಗೆ ಬಂದ. ನಾನು ಕಂದೀಲಿನ ಬೆಳಕಿನಲ್ಲಿ ಅಲ್ಲಿ ಓದುತ್ತ ಕೂತಿದ್ದೆ. ನಿಂತೇ ಹೇಳಿದ: "ಸಾಹೇಬ್ರ, ಪುಸ್ತಕದಾಗ ಹುಡುಗನ ಹೆಸರು ಹೊಡದು ಹಾಕ್ರಿ. ಅಂವ ಓದಬೇಕ್ರಿ." ಅಮ್ಮಾವ್ರು ಒಳಗಿಂದ ಬಂದು ಬಾಗಿಲಲ್ಲಿ ನಿಂತರು. ಸಾಹೇಬರು ಎದ್ದು ಟ್ರಂಕಿನ ಬೀಗ ತೆಗೆದರು. ರಿಜಿಸ್ಟರು ಹೊರಗೆ ಬಂತು, ಪುಟ ತಿರುವಿದರು, ಪೆನ್ನಿನ ಮುಚ್ಚಳ ಬಿಚ್ಚಿದರು. ಗೆಳೆಯನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತರು. ಬೀದಿಯಲ್ಲಿ ನಾಯಿ ಬೊಗಳುತ್ತಿತ್ತು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, 23ನೆಯ ಕೀರ್ತನೆ ಓದಿ, ಅವನಪ್ಪನ ಕೈ ಹಿಡಿದು, "ಹುಡುಗ ಓದಲಿ, ಹೋಗಿ ಬನ್ನಿ" ಎಂದರು. ಹೊಡೆದು ಹಾಕಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅವನಪ್ಪ ಕೇಳಲೂ ಇಲ್ಲ.

ಗೆಳೆಯ ಓದಿದ. ಒಳ್ಳೆಯ ನೌಕರಿ ಹಿಡಿದ. ನಾವಿಬ್ಬರೂ ಈಗಲೂ ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಆ ರಾತ್ರಿಯ ವಿಷಯ ಅವನಿಗೆ ಎಷ್ಟು ಗೊತ್ತೋ ನಾನು ಕೆದಕಿಲ್ಲ. ಭಾನುವಾರ ಅವನು ಎಲ್ಲಿಗೆ ಹೋಗುತ್ತಾನೆಂದೂ ಕೇಳಿಲ್ಲ.

1978ರಲ್ಲಿ ಸಾಹೇಬರಿಗೆ ವರ್ಗವಾಯಿತು. ಸಾಮಾನು ಒಂದು ಚಕ್ಕಡಿಗೂ ತುಂಬಲಿಲ್ಲ. ಟ್ರಂಕು ಸಭೆಯದು, ಅದು ಇಲ್ಲೇ ಉಳಿಯಿತು. ಅವ್ವ ಒಂದು ಗಂಟು ಜೋಳದ ಹಿಟ್ಟು ಕೊಟ್ಟಳು. "ಅಲ್ಲಿ ಬೀಸೋ ಕಲ್ಲು ಇರೂದಿಲ್ರಿ" ಎಂದಳು. ಆರು ತಿಂಗಳು ಮುಖ ನೋಡದಿದ್ದ ಮನೆಯವರೇ ಚಕ್ಕಡಿ ಹೂಡಿದ್ದರು. ಆಮೇಲೆ ಸಾಹೇಬರಿಂದ ಕಾರ್ಡುಗಳು ಬರುತ್ತಿದ್ದವು, ಸಣ್ಣ ಅಕ್ಷರದಲ್ಲಿ ಅಂಚಿನವರೆಗೆ ತುಂಬಿ. 2003ರಲ್ಲಿ ಬಂದ ಕಾರ್ಡು ಅವರ ಅಕ್ಷರದಲ್ಲಿರಲಿಲ್ಲ.

ಹೋದ ವರ್ಷ ಸುಗ್ಗಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಕೇರಿಯಲ್ಲಿ ಈಗ ಮೂರೇ ಮಗ್ಗ. ಬೀಸುವ ಕಲ್ಲು ಯಾರ ಮನೆಯಲ್ಲೂ ಇಲ್ಲ, ಹಿಡಿ ಜೋಳವೂ ನಿಂತಿದೆ. ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ 1,100 ರೂಪಾಯಿ ಕೂಗಿದರು, ಗೋವಾದಲ್ಲಿ ದುಡಿಯುವ ಹುಡುಗರು. ಈಗಿನ ಪಾಸ್ಟರು ಚಿಕ್ಕ ವಯಸ್ಸಿನವರು, ಮೋಟರ್ ಸೈಕಲ್ಲಿನಲ್ಲಿ ಬರುತ್ತಾರೆ. ಹಳೆಯ ರಿಜಿಸ್ಟರು ನೋಡಬೇಕೆಂದೆ. ಅದೇ ಟ್ರಂಕು, ನೀಲಿ ಹೋಗಿ ತುಕ್ಕು ಬಂದಿದೆ. ಸೇರು ಇನ್ನೂ ಅದರೊಳಗಿತ್ತು.

ನನ್ನ ಹೆಸರಿಗಿಂತ ಮೊದಲು ಗೆಳೆಯನ ಹೆಸರು ಹುಡುಕಿದೆ. 1961ನೆಯ ಇಸವಿಯ ಪುಟದಲ್ಲಿ, ಮೇಲಿನಿಂದ ಐದನೆಯ ಸಾಲು. ತಂದೆಯ ಹೆಸರು, ತಾಯಿಯ ಹೆಸರು, ದೀಕ್ಷಾಸ್ನಾನದ ತಾರೀಖು. ಅಂಚಿನಲ್ಲಿ ಪೆನ್ನಿನ ಮೊನೆ ತಾಗಿದ ಒಂದು ನೀಲಿ ಚುಕ್ಕೆ ಇದೆ. ಹೆಸರನ್ನು ಹೊಡೆದು ಹಾಕಿಲ್ಲ.